ಮೊದಲ ಸಲ ಬೈಕ್ ತಗೊಂಡು ಟ್ರ್ಯಾಕ್‌ಗೆ: ಸ್ಕೂಲಾ, ಟ್ರ್ಯಾಕ್ ಡೇನಾ? ಸ್ವಂತ ಗಾಡಿನಾ, ಬಾಡಿಗೆಯದಾ?

ಟ್ರ್ಯಾಕ್‌ನಲ್ಲಿ ಒಂದು ಸಲ ಬೈಕ್ ಓಡಿಸಲೇಬೇಕು ಅಂತ ಮನಸ್ಸು ಮಾಡಿದ ತಕ್ಷಣ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ಸ್ಕೂಲಿಗೆ ಸೇರಬೇಕಾ, ಸೀದಾ ಟ್ರ್ಯಾಕ್ ಡೇಗೆ ಹೋಗಬೇಕಾ? ನನ್ನ ಗಾಡಿ ಸಾಕಾ, ದೊಡ್ಡದು ಬಾಡಿಗೆಗೆ ತಗೋಬೇಕಾ? ಸೂಟ್ ಒಂದು ಪೀಸಿನದಾ, ಎರಡು ಪೀಸಿನದಾ? ಟೈರ್ ಬದಲಿಸಬೇಕಾ? ಹತ್ತು ಜನರನ್ನು ಕೇಳಿದರೆ ಹತ್ತು ಥರ ಹೇಳುತ್ತಾರೆ. ಯಾಕಂದ್ರೆ ಎಲ್ಲರೂ ತಾವು ಈಗ ಇರುವ ಮಟ್ಟದಿಂದ ಹೇಳುತ್ತಾರೆ, ಮೊದಲ ದಿನ ತಮಗೆ ಹೇಗಿತ್ತು ಅನ್ನೋದು ಅವರಿಗೇ ಮರೆತುಹೋಗಿರುತ್ತದೆ.

ನನಗೆ ಆ ದಿನ ಚೆನ್ನಾಗಿ ನೆನಪಿದೆ. ಗಾಡಿ ನಿಲ್ಲಿಸುವ ಜಾಗದಿಂದ ಟ್ರ್ಯಾಕ್‌ಗೆ ಸೇರುವ ದಾರಿ, ಅಂದರೆ ಪಿಟ್ ಲೇನ್ ದಾಟಿ ಹೊರಗೆ ಬಂದಾಗ ಟ್ರ್ಯಾಕ್ ಎಷ್ಟು ಅಗಲ ಕಾಣಿಸಿತು ಅಂದ್ರೆ ಅದರಲ್ಲಿ ನನ್ನ ಜಾಗ ಯಾವುದು ಅಂತಲೇ ತಿಳಿಯಲಿಲ್ಲ. ರಸ್ತೆಯಲ್ಲಾದರೆ ನಡುವೆ ಗೆರೆ ಇರುತ್ತದೆ, ಪಕ್ಕದಲ್ಲಿ ಮಣ್ಣಿನ ಅಂಚು ಇರುತ್ತದೆ, ಎದುರಿಗೆ ಲಾರಿ ಬರುತ್ತಿರುತ್ತದೆ, ನಾವು ಎಲ್ಲಿರಬೇಕು ಅಂತ ಅವೇ ಹೇಳುತ್ತವೆ. ಇಲ್ಲಿ ಹೇಳುವವರು ಯಾರೂ ಇಲ್ಲ. ಮೊದಲ ಮೂರು ಸುತ್ತು ನಾನು ಮುಂದಿನವನ ಹಿಂದಿನ ಟೈರನ್ನೇ ನೋಡಿಕೊಂಡು ಓಡಿಸಿದೆ. ಅವನು ಬ್ರೇಕ್ ಹಿಡಿದಲ್ಲಿ ಹಿಡಿದೆ, ಅವನು ತಿರುಗಿದಲ್ಲಿ ತಿರುಗಿದೆ. ನಾಲ್ಕನೇ ಸುತ್ತಿನಲ್ಲಿ ಅವನು ಒಂದು ತಿರುವಿಗೆ ತಡವಾಗಿ ಬ್ರೇಕ್ ಹಿಡಿದು ಹೊರಗೆ ಹುಲ್ಲಿಗೆ ಹೋದ. ನಾನೂ ಅವನ ಬೆನ್ನಿಗೇ ಹುಲ್ಲಿಗೆ ಹೋದೆ. ನನ್ನ ವೇಗ ಆ ತಿರುವಿಗೆ ಜಾಸ್ತಿ ಏನೂ ಇರಲಿಲ್ಲ, ಸುಲಭವಾಗಿ ತಿರುಗಬಹುದಿತ್ತು. ಕಣ್ಣು ಅವನ ಮೇಲಿತ್ತು, ಗಾಡಿ ಕಣ್ಣು ಹೋದ ಕಡೆ ಹೋಯಿತು, ಅಷ್ಟೇ.

ಇಬ್ಬರೂ ಬೀಳಲಿಲ್ಲ. ಆದರೆ ಒಂದು ವಿಷಯ ಮನಸ್ಸಿಗೆ ನಾಟಿತು. ಮೊದಲ ದಿನ ನಮಗೆ ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಗಮನ. ಹಾಗಾಗಿ ಕೆಳಗಿನ ಪ್ರತಿ ಆಯ್ಕೆಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ತೂಗಿದ್ದೇನೆ: ಇದರಿಂದ ಮೊದಲ ದಿನ ತಲೆಯ ಮೇಲಿನ ಹೊರೆ ಇಳಿಯುತ್ತದಾ, ಏರುತ್ತದಾ?

ಸ್ಕೂಲಾ, ಟ್ರ್ಯಾಕ್ ಡೇನಾ?

ಟ್ರ್ಯಾಕ್ ಡೇ ಅಂದರೆ ಯಾರೋ ಒಬ್ಬ ಆಯೋಜಕರು ಟ್ರ್ಯಾಕನ್ನು ಇಡೀ ದಿನಕ್ಕೆ ತಗೊಂಡಿರುತ್ತಾರೆ, ಬಂದವರನ್ನು ವೇಗದ ಲೆಕ್ಕದಲ್ಲಿ ಸಾಮಾನ್ಯವಾಗಿ ಮೂರು ಗುಂಪು ಮಾಡುತ್ತಾರೆ, ಒಂದೊಂದು ಗುಂಪಿಗೂ 15-20 ನಿಮಿಷದ ಸೆಷನ್ ಸರದಿಯಂತೆ ಸಿಗುತ್ತದೆ. ಸಂಜೆಯೊಳಗೆ ಐದಾರು ಸೆಷನ್ ಆಗುತ್ತವೆ. ಬೆಳಿಗ್ಗೆ ಒಂದು ಬ್ರೀಫಿಂಗ್ ಇರುತ್ತದೆ. ಯಾವ ಬಾವುಟಕ್ಕೆ ಏನು ಅರ್ಥ, ಯಾರನ್ನು ಎಲ್ಲಿ ಓವರ್‌ಟೇಕ್ ಮಾಡಬಹುದು, ಪಿಟ್‌ಗೆ ಹೇಗೆ ವಾಪಸ್ ಬರಬೇಕು, ಇಷ್ಟನ್ನು ಹೇಳುತ್ತಾರೆ. ಆಮೇಲೆ ನಿಮ್ಮ ಪಾಡಿಗೆ ನೀವು. ಇದು ರೇಸ್ ಅಲ್ಲ, ಗೆಲ್ಲುವವರೂ ಇಲ್ಲ ಸೋಲುವವರೂ ಇಲ್ಲ, ಆದರೂ ಹೆಲ್ಮೆಟ್ ಹಾಕಿದ ಮೇಲೆ ಆ ಮಾತು ಎಲ್ಲರಿಗೂ ನೆನಪಿರುವುದಿಲ್ಲ.

ಸ್ಕೂಲಿನಲ್ಲಿ ಟ್ರ್ಯಾಕ್ ಅದೇ, ಸೆಷನ್‌ನ ಹೊತ್ತೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಪ್ರತಿ ಸೆಷನ್‌ಗೆ ಮುಂಚೆ ಕ್ಲಾಸ್ ಇರುತ್ತದೆ, ಪ್ರತಿ ಸೆಷನ್‌ಗೆ ಒಂದೇ ಒಂದು ಕೆಲಸ ಕೊಡುತ್ತಾರೆ. ಕೀತ್ ಕೋಡ್ 1980ರಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ಅವರ ಮೊದಲ ಹಂತದಲ್ಲಿ ಏನು ಕಲಿಸುತ್ತಾರೆ ನೋಡಿ: ತಿರುವಿನೊಳಗೆ ಆಕ್ಸಿಲರೇಟರನ್ನು ಹೇಗೆ ಒಂದೇ ಸಮನೆ ತೆರೆಯುತ್ತಾ ಹೋಗಬೇಕು, ಎಲ್ಲಿ ತಿರುಗಿಸಬೇಕು, ಎಷ್ಟು ಬೇಗ ತಿರುಗಿಸಬೇಕು, ಕೈ ಹೇಗೆ ಸಡಿಲ ಬಿಡಬೇಕು, ಕಣ್ಣು ಯಾವಾಗ ಮುಂದಕ್ಕೆ ಕಳಿಸಬೇಕು. ಇದರಲ್ಲಿ ಮಂಡಿ ನೆಲಕ್ಕೆ ತಾಗಿಸುವ ಪಾಠ ಎಲ್ಲೂ ಇಲ್ಲ. ಎಲ್ಲರೂ ಫೋಟೋ ನೋಡಿ ಬರುವುದು ಅದಕ್ಕೇ ಅಲ್ವಾ, ಆದರೆ ಅದು ಉಳಿದದ್ದೆಲ್ಲ ಸರಿಯಾದ ಮೇಲೆ ತಾನಾಗಿ ಬರುವಂಥದ್ದು.

ಕೆಲವು ಸ್ಕೂಲುಗಳಲ್ಲಿ ಮೊದಲ ಸೆಷನ್ ಪೂರ್ತಿ ಒಂದೇ ಗೇರ್‌ನಲ್ಲಿ, ಬ್ರೇಕ್ ಮುಟ್ಟದೆ ಓಡಿಸಿ ಅನ್ನುತ್ತಾರೆ. ಕೇಳಿದಾಗ ಮಕ್ಕಳಾಟ ಅನ್ನಿಸುತ್ತದೆ. ಓಡಿಸಿ ನೋಡಿದಾಗ ಗೊತ್ತಾಗುತ್ತದೆ. ಗೇರ್ ಇಲ್ಲ, ಬ್ರೇಕ್ ಇಲ್ಲ ಅಂದ ಮೇಲೆ ಉಳಿಯುವುದು ತಿರುವಿಗೆ ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವ ಅಂದಾಜು ಮಾತ್ರ. ತಿರುವು ಬರುತ್ತಿದೆ, ಬ್ರೇಕ್ ಹಿಡಿಯುವ ಹಾಗಿಲ್ಲ, ಹಾಗಾದರೆ ಎಲ್ಲಿ ಆಕ್ಸಿಲರೇಟರ್ ಬಿಡಬೇಕು? ಈ ಒಂದು ಪ್ರಶ್ನೆಗೆ ಹದಿನೈದು ನಿಮಿಷ ಉತ್ತರ ಹುಡುಕುತ್ತಾ ಸುತ್ತಿದರೆ ಟ್ರ್ಯಾಕಿನ ಆಕಾರ ನಿಮಗೆ ಗೊತ್ತಿಲ್ಲದ ಹಾಗೇ ತಲೆಗೆ ಇಳಿದುಬಿಡುತ್ತದೆ.

ಇನ್ನೊಂದು ದೊಡ್ಡ ಅನುಕೂಲ ಕೋಚ್. ಸ್ವಲ್ಪ ಹೊತ್ತು ನಿಮ್ಮ ಹಿಂದೆ ಬರುತ್ತಾರೆ, ನೋಡುತ್ತಾರೆ, ಆಮೇಲೆ ಪಕ್ಕದಿಂದ ಮುಂದೆ ಹೋಗಿ ತಮ್ಮ ಗಾಡಿಯ ಹಿಂದಿನ ಸೀಟನ್ನು ಕೈಯಿಂದ ಎರಡು ಸಲ ತಟ್ಟುತ್ತಾರೆ. ನನ್ನ ಹಿಂದೆ ಬಾ ಅಂತ ಅರ್ಥ. ನಾನು ಅಲ್ಲಿಯವರೆಗೆ ಭಯದಿಂದ ಹೊರ ಅಂಚಿನಲ್ಲೇ ತಿರುಗಿಸುತ್ತಿದ್ದ ಒಂದು ಬಲ ತಿರುವಿನಲ್ಲಿ ಕೋಚ್ ಒಳಗಿನ ಬಿಳಿ-ಕೆಂಪು ಅಂಚಿಗೆ ಒಂದಡಿ ದೂರದಲ್ಲಿ ಹೋದರು. ಬ್ರೇಕ್ ನನಗಿಂತ ಮುಂಚೆಯೇ ಹಿಡಿದಿದ್ದರು, ಆದರೂ ಹೊರಗೆ ಬರುವಾಗ ನನಗಿಂತ ಎಷ್ಟೋ ಮುಂದೆ ಇದ್ದರು. ಅರ್ಧ ಗಂಟೆ ಬೋರ್ಡ್ ಮೇಲೆ ಬರೆದು ಹೇಳಿದ್ದರೂ ಇದು ನನಗೆ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಹಾಗಾಗಿ ನನ್ನ ಉತ್ತರ ಖಚಿತ: ಮೊದಲು ಸ್ಕೂಲ್, ಆಮೇಲೆ ಟ್ರ್ಯಾಕ್ ಡೇ. ಹತ್ತಿರದ ದಿನಗಳಲ್ಲಿ ಸ್ಕೂಲ್ ಇಲ್ಲ, ಕಾಯುವ ತಾಳ್ಮೆ ಇಲ್ಲ ಅನ್ನುವುದಾದರೆ ಹೊಸಬರ ಗುಂಪಿಗೆ ಕೋಚ್ ಕೊಡುವ ಟ್ರ್ಯಾಕ್ ಡೇ ಹುಡುಕಿ. ಅನುಭವ ಇರುವ ಗೆಳೆಯ ಕೋಚ್ ಜಾಗ ತುಂಬಬಹುದಾ ಅಂತ ಕೇಳುತ್ತಾರೆ. ತುಂಬಬಹುದು, ಆದರೆ ಅವನು ತನ್ನ ಇಡೀ ದಿನವನ್ನು ನಿಮಗೆ ಬಿಟ್ಟುಕೊಡಬೇಕು. ಬಹಳ ಗೆಳೆಯರು ಎರಡು ಸುತ್ತು ಜೊತೆಗೆ ಬರುತ್ತಾರೆ, ಮೂರನೇ ಸುತ್ತಿಗೆ ಕಣ್ಮರೆ.

ಗೋ-ಕಾರ್ಟ್ ಟ್ರ್ಯಾಕ್‌ನಲ್ಲಿ ಸಣ್ಣ ಗಾಡಿ ಓಡಿಸುವುದು ಇನ್ನೊಂದು ದಾರಿ. ವೇಗ ಕಮ್ಮಿ, ತಿರುವು ಜಾಸ್ತಿ, ಒಂದು ನಿಮಿಷದೊಳಗೆ ಅದೇ ತಿರುವು ಮತ್ತೆ ಎದುರಿಗೆ ಬರುತ್ತದೆ. ಕಲಿಯೋದಕ್ಕೆ ಬಹಳ ಒಳ್ಳೆಯದು, ದೊಡ್ಡ ಟ್ರ್ಯಾಕ್ ಅಂದರೆ ಎದೆ ಹೊಡೆದುಕೊಳ್ಳುವವರಿಗೆ ಇನ್ನೂ ಒಳ್ಳೆಯದು. ಒಂದೇ ಎಚ್ಚರ, ಅಲ್ಲಿ ತಡೆಗೋಡೆಗಳು ಕಾರ್ಟ್‌ಗೆ ಅಂತ ಕಟ್ಟಿದವು, ಅಂಚಿಗೆ ತೀರಾ ಹತ್ತಿರ ಇರುತ್ತವೆ. ಹೋಗುವ ಮುಂಚೆ ಒಂದು ಸಲ ನಡೆದು ನೋಡಿ ಬನ್ನಿ.

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಥರದ ಜಾಗದಲ್ಲಿ ಟಿಕೆಟ್ ತಗೊಂಡು ಸುತ್ತು ಹಾಕುವುದು ಮೊದಲ ಸಲಕ್ಕೆ ಬೇಡವೇ ಬೇಡ. ಸಾರ್ವಜನಿಕರಿಗೆ ಬಿಟ್ಟ ಹೊತ್ತಿನಲ್ಲಿ ಅದು ಕಾನೂನಿನ ಪ್ರಕಾರ ಟೋಲ್ ರಸ್ತೆ, ಕಾರು ಬೈಕು ಎಲ್ಲ ಒಟ್ಟಿಗೆ ಓಡುತ್ತಿದ್ದವು, 2025ರಿಂದ ಆ ಹೊತ್ತಿನಲ್ಲಿ ಬೈಕನ್ನು ಒಳಗೆ ಬಿಡುವುದೇ ಇಲ್ಲ. ಅದಕ್ಕಿಂತ ಮುಖ್ಯ, ಒಂದು ಸುತ್ತು 20.8 ಕಿ.ಮೀ. 3 ಕಿ.ಮೀ. ಟ್ರ್ಯಾಕಿನಲ್ಲಿ ಒಂದು ತಪ್ಪು ಮಾಡಿದರೆ ಎರಡು ನಿಮಿಷದಲ್ಲಿ ಅದೇ ತಿರುವಿಗೆ ಬಂದು ತಿದ್ದಿಕೊಳ್ಳಬಹುದು. ಅಲ್ಲಿ ಆ ತಿರುವು ಮತ್ತೆ ಬರುವಷ್ಟರಲ್ಲಿ ಏನು ತಪ್ಪು ಮಾಡಿದ್ದೆ ಅನ್ನೋದೇ ಮರೆತಿರುತ್ತದೆ.

ಯಾವ ಗಾಡಿ?

ಇಲ್ಲಿ ನಾನು ಹಟ ಹಿಡಿದು ಹೇಳುತ್ತೇನೆ: ಸಣ್ಣ ಗಾಡಿ. 300-400 ಸಿಸಿ. ನಿಂಜಾ 400, ಆರ್‌3, ಆರ್‌ಸಿ 390, ಅಪಾಚೆ ಆರ್‌ಆರ್ 310, ಯಾವುದಾದರೂ ಆಗಲಿ. ಇವು ಕಲಿಯುವವರ ಆಟಿಕೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ, ಈ ಗಾತ್ರದ ಗಾಡಿಗಳಿಗೇ ಅಂತ 2017ರಲ್ಲಿ ವರ್ಲ್ಡ್ ಸೂಪರ್‌ಸ್ಪೋರ್ಟ್ 300 ಅನ್ನುವ ವಿಶ್ವಮಟ್ಟದ ಚಾಂಪಿಯನ್‌ಶಿಪ್ಪೇ ಶುರುವಾಗಿತ್ತು.

ಕಾರಣ ಲೆಕ್ಕದಲ್ಲಿದೆ. ಓಡುವ ಗಾಡಿಯ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. ನೇರ ದಾರಿಯ ಕೊನೆಗೆ ಸಣ್ಣ ಗಾಡಿ 140ರಲ್ಲಿ ಬರುತ್ತದೆ, ಸಾವಿರ ಸಿಸಿಯದು 200ರಲ್ಲಿ ಬರುತ್ತದೆ ಅಂತ ಇಟ್ಟುಕೊಳ್ಳಿ. ವೇಗ ಒಂದೂವರೆ ಪಟ್ಟೂ ಆಗಿಲ್ಲ, ಆದರೆ ಬ್ರೇಕಿನಲ್ಲಿ ಇಳಿಸಬೇಕಾದ ಶಕ್ತಿ ಎರಡು ಪಟ್ಟು, ನಿಲ್ಲಲು ಬೇಕಾಗುವ ದೂರವೂ ಸುಮಾರು ಎರಡು ಪಟ್ಟು. ಯೋಚನೆಗೆ ಸಿಗುವ ಸಮಯ ಮಾತ್ರ ಕಮ್ಮಿ. ಮೊದಲ ದಿನದ ಮನಸ್ಸಿಗೆ ಇದು ತಡೆಯಲಾಗದ ಹೊರೆ. ದೊಡ್ಡ ಗಾಡಿಯ ಸವಾರ ನೇರ ದಾರಿಯಲ್ಲಿ ಹೆದರುತ್ತಾನೆ, ತಿರುವಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾನೆ. ಸಣ್ಣ ಗಾಡಿಯವನಿಗೆ ನೇರ ದಾರಿಯಲ್ಲಿ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಕಲಿಯುವುದೆಲ್ಲ ಇರುವುದು ತಿರುವಿನಲ್ಲಿ, ಅಲ್ಲಿಗೆ ಅವನು ತಾಜಾ ತಲೆಯಲ್ಲಿ ಬರುತ್ತಾನೆ.

ಇರುವುದೇ ದೊಡ್ಡ ಗಾಡಿ ಆದರೆ? ತಗೊಂಡು ಹೋಗಿ, ಪರವಾಗಿಲ್ಲ. ರೈಡ್ ಮೋಡ್ ಇದ್ದರೆ ಮೊದಲ ಸೆಷನ್ ಎಂಜಿನ್ ಮೆತ್ತಗೆ ಎಳೆಯುವ ರೇನ್ ಮೋಡ್‌ನಲ್ಲಿ ಓಡಿಸಿ, ಎಬಿಎಸ್ ಮತ್ತು ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಬೇಡಿ. ಕ್ರೂಸರ್ ಆದರೆ ಯೋಚಿಸಿ. ಅದರ ಫುಟ್‌ಬೋರ್ಡು, ಸೈಲೆನ್ಸರು ಬೇಗ ನೆಲಕ್ಕೆ ತಾಗುತ್ತವೆ, ಗಟ್ಟಿ ಭಾಗ ಜೋರಾಗಿ ಒತ್ತಿದರೆ ಹಿಂದಿನ ಚಕ್ರವೇ ನೆಲ ಬಿಟ್ಟುಬಿಡಬಹುದು. ಮುಂದೆ ಗಾಳಿ ತಡೆಯುವ ಕವಚ ಇಲ್ಲದ ನೇಕೆಡ್ ಬೈಕ್ ಆದರೆ ಏನೂ ತೊಂದರೆ ಇಲ್ಲ. ಅಗಲ ಹ್ಯಾಂಡಲ್‌ನಲ್ಲಿ ತಿರುಗಿಸುವುದು ಹಗುರ, ಗಾಳಿ ಮಾತ್ರ ಎದೆಗೆ ಹೊಡೆಯುತ್ತದೆ.

ಸ್ವಂತದ್ದಾ ಬಾಡಿಗೆಯದಾ ಅನ್ನುವುದಕ್ಕೆ ನೇರ ಉತ್ತರ ಇಲ್ಲ. ಸ್ವಂತ ಗಾಡಿ ಕೈಗೆ ಒಗ್ಗಿರುತ್ತದೆ, ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಅಂತ ಬೆರಳಿಗೇ ಗೊತ್ತು, ಅಷ್ಟು ಗಮನ ಉಳಿತಾಯ. ಆದರೆ ನಾಳೆ ಕೆಲಸಕ್ಕೆ ಹೋಗಬೇಕಾಗಿರುವುದೂ ಅದರಲ್ಲೇ, ಕಂತು ಇನ್ನೂ ಬಾಕಿ ಇದೆ ಅನ್ನುವ ಯೋಚನೆ ಪ್ರತಿ ತಿರುವಿನಲ್ಲೂ ಹಿಂದೆ ಕೂತಿರುತ್ತದೆ. ಹಾಗಿದ್ದರೆ ಸ್ಕೂಲ್‌ನವರ ಗಾಡಿಯೇ ವಾಸಿ. ಟೈರು, ಬ್ರೇಕು, ಬೀಳುವಾಗಿನ ರಕ್ಷಣೆಗೆ ಸ್ಲೈಡರ್, ಎಲ್ಲ ಅವರೇ ಸಿದ್ಧ ಮಾಡಿರುತ್ತಾರೆ. ಬಿದ್ದರೆ ನೀವು ಕೊಡಬೇಕಾದದ್ದು ಎಷ್ಟು ಅನ್ನುವುದನ್ನು ಸಹಿ ಹಾಕುವ ಮುಂಚೆ ಓದಿ. ಸ್ವಂತ ಗಾಡಿಯಾದರೆ ಇನ್ಶೂರೆನ್ಸ್ ಕಾಗದವನ್ನೂ ಓದಿ, ರಸ್ತೆಗೆ ಮಾಡಿಸಿದ ಎಷ್ಟೋ ಪಾಲಿಸಿಗಳು ಟ್ರ್ಯಾಕ್‌ನಲ್ಲಿ ಆದ ಹಾನಿಗೆ ಬರುವುದಿಲ್ಲ.

ಗೆಳೆಯನ ಗಾಡಿ ಕೇಳಿಕೊಂಡು ಹೋಗುವ ದಾರಿ ಮಾತ್ರ ಬೇಡ. ಗಾಡಿಯೂ ಹೊಸದು, ಅವನ ಮುಖ ನೋಡುವ ಚಿಂತೆಯೂ ಜೊತೆಗೆ.

ಮೈಮೇಲೆ ಏನು?

ಒಂದು ಪೀಸಿನ ಲೆದರ್ ಸೂಟ್ ಮೇಲು, ಅದರಲ್ಲಿ ಎರಡು ಮಾತಿಲ್ಲ. ಜಾರುವಾಗ ಜಾಕೆಟ್ ಮೇಲಕ್ಕೆ ಎದ್ದು ಸೊಂಟ ಬರಿದಾಗುವ ಭಯ ಇಲ್ಲ. ಎರಡು ಪೀಸಿನದು ರಸ್ತೆಗೂ ಆಗುತ್ತದೆ. ಆದರೆ ಜಾಕೆಟ್ ಮತ್ತು ಪ್ಯಾಂಟ್ ಸೇರಿಸುವ ಜಿಪ್ ಸೊಂಟದ ಸುತ್ತ ಪೂರ್ತಿ ಬಂದಿರಬೇಕು. ಬೆನ್ನಿನ ಹತ್ತಿರ ಮಾತ್ರ ಗೇಣುದ್ದದ ಜಿಪ್ ಇರುವುದನ್ನು ತಗೊಂಡು ಹೋದರೆ ಬಹಳ ಕಡೆ ಗೇಟಿನಲ್ಲೇ ಬೇಡ ಅನ್ನುತ್ತಾರೆ. ಬೇಸಿಗೆಯ ಮೆಶ್ ಜಾಕೆಟ್ ಟ್ರ್ಯಾಕ್‌ಗೆ ಆಗುವುದಿಲ್ಲ. ಯುರೋಪಿನ ಇಎನ್ 17092 ಗುಣಮಟ್ಟದಲ್ಲಿ ಎಎಎ ಎಲ್ಲಕ್ಕಿಂತ ಮೇಲಿನ ದರ್ಜೆ, ಒಳಗಿನ ಪಟ್ಟಿಯಲ್ಲಿ ಅದನ್ನು ಹುಡುಕಿ.

ಮೊದಲ ಸಲಕ್ಕೆ ಕೊಳ್ಳಬೇಕಾಗಿಲ್ಲ, ಸೂಟ್ ಬಾಡಿಗೆಗೆ ತಗೊಳ್ಳಿ. ಅಳತೆ ನೋಡುವಾಗ ನಿಂತುಕೊಂಡು ನೋಡಬೇಡಿ. ಸರಿಯಾದ ಸೂಟ್ ನಿಂತಾಗ ಬೆನ್ನು ಬಗ್ಗಿಸುತ್ತದೆ, ತೋಳು ಮುಂದಕ್ಕೆ ಎಳೆಯುತ್ತದೆ, ಇದು ಚಿಕ್ಕದಾಯಿತು ಅನ್ನಿಸುತ್ತದೆ. ಗಾಡಿ ಮೇಲೆ ಕೂತು ಟ್ಯಾಂಕಿನ ಮೇಲೆ ಬಾಗಿದಾಗ ಎಲ್ಲ ತನ್ನ ಜಾಗಕ್ಕೆ ಬರುತ್ತದೆ. ಮೊಣಕೈ, ಮಂಡಿಯ ಗಟ್ಟಿ ಕವಚವನ್ನು ಕೈಯಿಂದ ಹಿಡಿದು ತಿರುಗಿಸಿ ನೋಡಿ. ಅದು ಸುಲಭವಾಗಿ ಪಕ್ಕಕ್ಕೆ ಹೊರಳಿದರೆ ಬಿದ್ದಾಗಲೂ ಹೊರಳುತ್ತದೆ.

ಬೆನ್ನಿನ ರಕ್ಷಣೆಗೆ ಲೆವೆಲ್ 1, ಲೆವೆಲ್ 2 ಅಂತ ಎರಡು. ಇಎನ್ 1621-2 ಪರೀಕ್ಷೆಯಲ್ಲಿ ಲೆವೆಲ್ 1 ಸರಾಸರಿ 18 ಕಿಲೋನ್ಯೂಟನ್ ಬಲವನ್ನು ಮೈಗೆ ದಾಟಲು ಬಿಡಬಹುದು, ಲೆವೆಲ್ 2 ಬರೀ 9. ದಪ್ಪದಲ್ಲಿ ವ್ಯತ್ಯಾಸ ಅಷ್ಟಿಷ್ಟು, ಕೆಲಸದಲ್ಲಿ ಅರ್ಧಕ್ಕರ್ಧ. ಲೆವೆಲ್ 2 ತಗೊಳ್ಳಿ. ಏರ್‌ಬ್ಯಾಗ್ ಸಿಕ್ಕರೆ ಇನ್ನೂ ಒಳ್ಳೆಯದು, ಮೋಟೋಜಿಪಿಯಲ್ಲಿ ಅದು 2018ರಿಂದ ಕಡ್ಡಾಯ. ಆದರೆ ಅದು ಉಬ್ಬಿದಾಗ ಒಳಗೆ ಜಾಗ ಬೇಕು, ಬಿಗಿ ಸೂಟಿನೊಳಗೆ ತುರುಕಿ ಹಾಕಿಕೊಂಡರೆ ಅದೇ ಪಕ್ಕೆಲುಬು ಒತ್ತುತ್ತದೆ.

ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದೇ ಆಗಬೇಕು. ಮುಂಭಾಗ ಎತ್ತುವ ಮಾಡ್ಯುಲರ್ ಹೆಲ್ಮೆಟ್ ಬಹಳ ಕಡೆ ಒಪ್ಪುವುದಿಲ್ಲ. ಪಟ್ಟಿಗೆ ಎರಡು ರಿಂಗಿನ ಡಬಲ್ ಡಿ ಇದ್ದರೆ ಸರಿ. ಹೆಲ್ಮೆಟ್ ಗುಣಮಟ್ಟದ ಇಸಿಇ 22.06 ಗುರುತು ಇರುವುದು ಹಳೆಯ 22.05ಕ್ಕಿಂತ ಮೇಲು, ಹೊಸ ಪರೀಕ್ಷೆಯಲ್ಲಿ ತಲೆ ತಿರುಚುವ ಪೆಟ್ಟನ್ನೂ ಅಳೆಯುತ್ತಾರೆ. ಗ್ಲೌಸ್ ಮಣಿಕಟ್ಟು ದಾಟಿ ಸೂಟಿನ ತೋಳಿನ ಮೇಲೆ ಬರಬೇಕು. ಹೊಸ ಗ್ಲೌಸ್ ಹಾಕಿಕೊಂಡು ಸೀದಾ ಟ್ರ್ಯಾಕ್‌ಗೆ ಹೋಗಬೇಡಿ. ಬಿರುಸು ಲೆದರ್‌ನಲ್ಲಿ ಬ್ರೇಕ್ ಲಿವರ್ ಬೆರಳಿಗೆ ತಿಳಿಯುವುದಿಲ್ಲ, ಒಂದು ವಾರ ರಸ್ತೆಯಲ್ಲಿ ಹಾಕಿ ಮೆತ್ತಗೆ ಮಾಡಿಕೊಳ್ಳಿ.

ಟೈರು ಮತ್ತು ಉಳಿದದ್ದು

ಗೀರುಗಳೇ ಇಲ್ಲದ ರೇಸ್ ಟೈರ್, ಅಂದರೆ ಸ್ಲಿಕ್ ಹಾಕಿದರೆ ಹಿಡಿತ ಜಾಸ್ತಿ ಸಿಗುತ್ತದೆ ಅಂತ ಹೊಸಬರು ತಿಳಿದಿರುತ್ತಾರೆ. ಬಿಸಿ ಇದ್ದಾಗ ನಿಜ. ಸ್ಲಿಕ್‌ಗೆ ಟೈರ್ ವಾರ್ಮರ್ (ಓಡಿಸುವ ಮುಂಚೆ ಟೈರ್ ಬಿಸಿ ಮಾಡುವ ಹೊದಿಕೆ) ಬೇಕು, ಬಿಸಿ ಆದ ಮೇಲೆ ಆ ಬಿಸಿ ಉಳಿಸುವಷ್ಟು ಜೋರಾಗಿ ಓಡಿಸಲೂ ಬೇಕು. ಹೊಸಬರ ವೇಗದಲ್ಲಿ ಅದು ಆರಿ ತಣ್ಣಗಾಗುತ್ತದೆ, ಆಗ ನಿಮ್ಮ ರಸ್ತೆ ಟೈರಿಗಿಂತ ಕಡೆ. ಒಳ್ಳೆಯ ಸ್ಪೋರ್ಟ್ ರಸ್ತೆ ಟೈರ್ ಎರಡು ಸುತ್ತಿನಲ್ಲಿ ಕಾವು ಹಿಡಿಯುತ್ತದೆ, ಮೊದಲ ಎರಡು-ಮೂರು ಟ್ರ್ಯಾಕ್ ದಿನಕ್ಕೆ ಅದು ಧಾರಾಳ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, ಅದನ್ನು ನೋಡಿ. 2321 ಅಂತ ಇದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೀರು ಇನ್ನೂ ಆಳವಾಗಿದ್ದರೂ ಹಳೆಯ ಗಟ್ಟಿಯಾದ ರಬ್ಬರ್ ಬೇಡ.

ಗಾಳಿ ವಿಷಯ ಬಹಳ ಜನ ಗಮನಿಸುವುದಿಲ್ಲ. ಟ್ರ್ಯಾಕ್‌ನಲ್ಲಿ ಟೈರ್ ಬಿಸಿಯಾಗಿ ಒಳಗಿನ ಒತ್ತಡ ಏರುತ್ತದೆ, ಹಾಗಾಗಿ ಬೆಳಿಗ್ಗೆ ರಸ್ತೆಗಿಂತ ಸ್ವಲ್ಪ ಕಮ್ಮಿ ಇಟ್ಟು ಶುರು ಮಾಡುತ್ತಾರೆ. ನಾನು ಒಂದು ಬೆಳಿಗ್ಗೆ ಮುಂದಿನದಕ್ಕೆ 31 ಪಿಎಸ್‌ಐ ಇಟ್ಟಿದ್ದೆ, ಸೆಷನ್ ಮುಗಿಸಿ ಹೆಲ್ಮೆಟ್ ಕೂಡ ತೆಗೆಯದೆ ಗೇಜ್ ಒತ್ತಿದರೆ 36 ತೋರಿಸಿತು. ಎಷ್ಟಿಡಬೇಕು ಅನ್ನುವುದು ಟೈರಿನಿಂದ ಟೈರಿಗೆ ಬೇರೆ, ಅದರ ತಯಾರಕರು ಟ್ರ್ಯಾಕ್‌ಗೆ ಏನು ಹೇಳಿದ್ದಾರೋ ಅದನ್ನೇ ಇಡಿ. ಸ್ವಂತ ಗೇಜ್ ಒಂದು ಜೇಬಿನಲ್ಲಿರಲಿ.

ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಡಾಟ್ 5.1ಗೆ ಅದೇ ಲೆಕ್ಕ 260 ಮತ್ತು 180. ಎರಡರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ಎರಡು ವರ್ಷದ 5.1ಗಿಂತ ನಿನ್ನೆ ಹಾಕಿಸಿದ ಡಾಟ್ 4 ಮೇಲು. ಕುದಿದರೆ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಕೂಲೆಂಟ್ ನೆಲಕ್ಕೆ ಚೆಲ್ಲಿದರೆ ಎಣ್ಣೆಯ ಹಾಗೆ ಜಾರುತ್ತದೆ ಅಂತ ಕೆಲವು ಕಡೆ ಬರೀ ನೀರು ಹಾಕಿಸಿಕೊಂಡು ಬನ್ನಿ ಅನ್ನುತ್ತಾರೆ, ಮೊದಲೇ ಕೇಳಿಕೊಳ್ಳಿ. ಲೈಟಿಗೆ ಟೇಪ್ ಅಂಟಿಸಿ, ಕನ್ನಡಿ ತೆಗೆಯಿರಿ. ಕನ್ನಡಿ ಇಲ್ಲದ್ದು ಒಂದು ನೆಮ್ಮದಿ ಕೂಡ. ಹಿಂದಿನಿಂದ ಬರುವವನು ನಿಮ್ಮನ್ನು ದಾಟುವುದು ಅವನ ಜವಾಬ್ದಾರಿ, ನೀವು ನಿಮ್ಮ ದಾರಿ ಬಿಡದೆ ಹೋದರೆ ಸಾಕು.

ಕ್ಯಾಮೆರಾ ಬೇಕಾ, ಲ್ಯಾಪ್ ಟೈಮರ್ ಬೇಕಾ? ಎರಡೂ ಬೇಡ. ಆ ಗಮನವನ್ನು ಟ್ರ್ಯಾಕ್ ಪಕ್ಕ ನಿಂತು ಬಾವುಟ ತೋರಿಸುವ ಮಾರ್ಷಲ್‌ಗಳ ಕಡೆ ಇಡಿ. ಹಳದಿ ಬಾವುಟ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಬೇಡ. ಕೆಂಪು ಅಂದರೆ ಸೆಷನ್ ನಿಂತಿತು, ಕೈ ಎತ್ತಿ ಹಿಂದಿನವರಿಗೆ ತಿಳಿಸಿ, ನಿಧಾನಕ್ಕೆ ಪಿಟ್‌ಗೆ ಬನ್ನಿ. ಹಳದಿಯಲ್ಲಿ ಕೆಂಪು ಪಟ್ಟೆ ಇದ್ದರೆ ನೆಲ ಜಾರುತ್ತಿದೆ. ಕಪ್ಪು ಬಾವುಟ ನಿಮಗೆ ತೋರಿಸಿದರೆ ಒಳಗೆ ಬನ್ನಿ, ನಿಮ್ಮ ಗಾಡಿಯಿಂದ ಏನೋ ಸೋರುತ್ತಿರಬಹುದು. ಪ್ರತಿ ಮಾರ್ಷಲ್ ಎಲ್ಲಿ ನಿಂತಿದ್ದಾರೆ ಅಂತ ಮೊದಲ ಸುತ್ತಿನಲ್ಲೇ ಗುರುತು ಮಾಡಿಕೊಳ್ಳಿ.

ಕೊನೆಯ ಸೆಷನ್ ಓಡಿಸಬೇಕಾ, ಬಿಡಬೇಕಾ?

ಬಿಡಿ. ದುಡ್ಡು ಕೊಟ್ಟಿದ್ದೀವಲ್ಲ ಅಂತ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ನಾಲ್ಕನೇ ಸೆಷನ್ ಆದ ಮೇಲೆ ನೀರಿನ ಬಾಟಲಿ ಮುಚ್ಚಳ ತಿರುಗಿಸಲು ಹೋದರೆ ಬೆರಳಿಗೆ ಹಿಡಿತವೇ ಇರಲಿಲ್ಲ, ಮುಂಗೈ ಕಲ್ಲಾಗಿತ್ತು. ಗಾಬರಿಯಲ್ಲಿ ಹ್ಯಾಂಡಲ್ ಗಟ್ಟಿ ಹಿಡಿದರೆ ಹೀಗಾಗುತ್ತದೆ, ಟ್ಯಾಂಕನ್ನು ತೊಡೆಯಿಂದ ಅಪ್ಪಿ ಹಿಡಿದರೆ ಕೈ ಸಡಿಲವಾಗುತ್ತದೆ. ಇದೂ ಒಂದು ದಿನದಲ್ಲಿ ಬರುವುದಿಲ್ಲ. ಬಾಟಲಿ ಮುಚ್ಚಳ ತೆಗೆಯಲಾಗದ ಕೈಯಲ್ಲಿ ಬ್ರೇಕ್ ಲಿವರ್ ಹಿಡಿಯುವುದು ಬೇಡ ಅಂತ ನಾನು ಸೂಟ್ ಬಿಚ್ಚಿ ಗೋಡೆ ಪಕ್ಕ ನಿಂತು ಉಳಿದವರನ್ನು ನೋಡಿದೆ. ವೇಗದ ಗುಂಪಿನವರು ಎಲ್ಲಿ ಬ್ರೇಕ್ ಹಿಡಿಯುತ್ತಾರೆ, ತಲೆ ಯಾವ ಕಡೆ ತಿರುಗಿಸುತ್ತಾರೆ ಅಂತ ಆ ಇಪ್ಪತ್ತು ನಿಮಿಷ ನೋಡಿದ್ದು ಮುಂದಿನ ಸಲಕ್ಕೆ ಬಹಳ ಕೆಲಸಕ್ಕೆ ಬಂತು.

ಅದೇ ಗಾಡಿಯಲ್ಲಿ ಮನೆಗೆ ಹೋಗುವವರಾದರೆ ಹೊರಡುವ ಮುಂಚೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಟೈರ್ ಆರಿದ ಮೇಲೆ ಗಾಳಿಯನ್ನು ರಸ್ತೆ ಲೆಕ್ಕಕ್ಕೆ ತುಂಬಿಸಿ, ಕನ್ನಡಿ ವಾಪಸ್ ಹಾಕಿ, ಬ್ರೇಕ್ ಲೈಟ್ ಮೇಲಿನ ಟೇಪ್ ಕಿತ್ತಿದ್ದೀರಾ ಅಂತ ಇನ್ನೊಂದು ಸಲ ನೋಡಿ.